ನಿನಗಾಗಿ ಯಾರೂ ಏಳದ ಭಾನುವಾರ

ರೂತಕ್ಕಾ,

ನಿನಗೊಂದು ಸುದ್ದಿ ಹೇಳಬೇಕು, ನಗಬೇಡ. ಹೋದ ತಿಂಗಳು ನಮ್ಮ ಸಭೆಯವರೂ ನಿನ್ನ ಗಂಡನ ಚರ್ಚಿನವರೂ ಒಂದೇ ಸೂರಿನ ಕೆಳಗೆ ಕೂತು ಆರಾಧನೆ ಮಾಡಿದರು. ಹೌದು, ಅದೇ ನಮ್ಮ ಪ್ರಾಟೆಸ್ಟಂಟರು, ಅದೇ ಅವರ ಕ್ಯಾಥೊಲಿಕರು. ಎರಡು ಗೇಟುಗಳ ನಡುವೆ ಇರುವುದು ಒಂದು ಚಹಾದಂಗಡಿ, ಒಂದು ಪಂಕ್ಚರ್ ಅಂಗಡಿ, ಅಷ್ಟೇ. ಅಷ್ಟು ದಾಟಲು ಇವರಿಗೆ ಎರಡು ತಲೆಮಾರು ಬೇಕಾಯಿತು. ನೀನು ಅಂತೋನಿ ಮಾಮಾನನ್ನು ಮದುವೆಯಾಗಿ ಒಂದೇ ಬೆಳಿಗ್ಗೆಯಲ್ಲಿ ದಾಟಿಬಿಟ್ಟಿದ್ದೆ. ಅದಕ್ಕೇ ತಾನೇ ನಿನ್ನನ್ನು ಸಾಯುವತನಕ ಯಾರೂ ಒಳಗೆ ಕರೆಯಲಿಲ್ಲ?

ಕೂಡಿದ್ದೇನೂ ಪವಿತ್ರಾತ್ಮನ ಪ್ರೇರಣೆಯಿಂದಲ್ಲ. ಅವರ ಚರ್ಚಿನ ಹಂಚು ಇಳಿಸಿ ಸ್ಲ್ಯಾಬ್ ಹಾಕಿಸುತ್ತಿದ್ದಾರೆ, ಕೂರಲು ಜಾಗ ಬೇಕಿತ್ತು. ಫಾದರ್ ಬಂದು ನಮ್ಮ ಪಾದ್ರಿ ಅಯ್ಯನವರನ್ನು ಕೇಳಿದರು, ಅಯ್ಯನವರು ಕಮಿಟಿಯನ್ನು ಕೇಳಿದರು. ಯೇಸುವಿನ ತಾಯಿ ಮರಿಯಮ್ಮನ ಚಿತ್ರ ಒಳಗೆ ತರುವುದೋ ಬೇಡವೋ ಅಂತ ಎರಡು ಮೀಟಿಂಗ್ ಆದವು. ಕೊನೆಗೆ ವರಾಂಡದಲ್ಲಿ ಮೇಜು ಹಾಕಿ, ಮೇಲೆ ಹೊಸ ಬಟ್ಟೆ ಹಾಸಿ ಅಲ್ಲಿಟ್ಟರು. ಏಕತೆ ಒಳಗೆ, ತಾಯಿ ಹೊರಗೆ. 'ನಾವೆಲ್ಲರೂ ಒಂದೇ' ಅಂತ ಬ್ಯಾನರು ಬೇರೆ. ಅದನ್ನು ಚಿಕ್ಕೋಡಿಗೆ ಹೋಗಿ ಬರೆಸಿಕೊಂಡು ಬಂದವನು ನಾನೇ, ಕಮಿಟಿಯ ಹಿರಿಯನಲ್ಲವೇ ಈಗ.

ಕರ್ತನ ಪ್ರಾರ್ಥನೆ ಹೇಳುವಾಗ ನೀನು ನೆನಪಾದೆ. ಕೇಡಿನಿಂದ ತಪ್ಪಿಸು ಅನ್ನುವಲ್ಲಿಗೆ ಅವರು ಆಮೆನ್ ಅಂದು ನಿಲ್ಲಿಸಿದರು. ನಮ್ಮವರು ಎಂದಿನಂತೆ ರಾಜ್ಯ, ಬಲ, ಮಹಿಮೆ ಎಲ್ಲ ದೇವರದೇ ಎನ್ನುವ ಇನ್ನೊಂದು ಸಾಲನ್ನು ಹೇಳುತ್ತ ಹೋದರು. ಅರ್ಧ ಚರ್ಚು ಸುಮ್ಮನೆ, ಅರ್ಧ ಚರ್ಚು ಜೋರು. ಹುಡುಗರು ಕಿಸಕ್ಕನೆ ನಕ್ಕರು, ಫಾದರೂ ಅಯ್ಯನವರೂ ಮುಖ ಮುಖ ನೋಡಿಕೊಂಡು ನಕ್ಕರು. ನೀನು ಸೊಸೆಯಾಗಿ ಅವರ ಚರ್ಚಿಗೆ ಹೋದ ಮೊದಲ ಭಾನುವಾರವೂ ಇದೇ ಆಗಿತ್ತಲ್ಲ? ಎಲ್ಲರೂ ನಿಲ್ಲಿಸಿದ ಮೇಲೆ ನಿನ್ನೊಬ್ಬಳ ದನಿ ಮುಂದೆ ಹೋಗಿ, ಇಡೀ ಚರ್ಚು ತಿರುಗಿ ನೋಡಿ, ನಿನ್ನತ್ತೆ ತೊಡೆ ಚಿವುಟಿದ್ದಳು. "ನೀಲಿಗಟ್ಟೇತಿ ನೋಡೋ ಸಮ್ಯಾ" ಅಂತ ನಗುತ್ತಲೇ ಹೇಳಿ, ಆಮೇಲೆ ಅತ್ತಿದ್ದೆ. ಆವತ್ತು ಅಪರಾಧವಾಗಿದ್ದು ಈವತ್ತು ತಮಾಷೆ ಹೇಗಾಯಿತು ಅಂತ ನಾನು ಅಲ್ಲೇ ಎದ್ದು ಕೇಳಬೇಕಿತ್ತು. ಕೇಳಲಿಲ್ಲ, ನಾನೂ ನಕ್ಕೆ.

ನಿನ್ನ ಮದುವೆಗೆ ಮುಂಚಿನ ಶನಿವಾರಗಳು ನೆನಪಿವೆಯೇ? ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ ಕಾಗವಾಡದಿಂದ ತಂದ ಒಣದ್ರಾಕ್ಷಿ ನೆನೆಹಾಕಿ, ಹಿಂಡಿ, ಬಿಳಿ ಬಟ್ಟೆಯಲ್ಲಿ ಸೋಸುವುದು ನಿನ್ನ ಕೆಲಸ. ಬೆರಳೆಲ್ಲ ಅಂಟು. ನಾನು ನೆಕ್ಕಲು ಬಂದರೆ "ಲೇ, ಅದು ದೇವರದೈತಿ" ಅಂತ ತಲೆಗೆ ಮೊಟಕುತ್ತಿದ್ದೆ. ಮರುದಿನ ಸಭೆಯ ಹಿರಿಯನಾಗಿದ್ದ ಅಪ್ಪ ಬಿಳಿ ಅಂಗಿ ತೊಟ್ಟು ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಬರುವುದನ್ನು ನೀನು ಎಷ್ಟು ಹೆಮ್ಮೆಯಿಂದ ನೋಡುತ್ತಿದ್ದೆ. ಅದೇ ಅಪ್ಪ, ನೀನು ಕ್ಯಾಥೊಲಿಕರ ಚರ್ಚಿನಲ್ಲಿ ತಾಳಿ ಕಟ್ಟಿಸಿಕೊಂಡ ವಾರವೇ, ಸಭೆಯ ಪಟ್ಟಿಯಲ್ಲಿ ನಿನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಮಗಳಂತ ಬಿಟ್ಟರೆ ನಾಳೆ ಊರಿಗೆ ಏನು ಹೇಳಲಿ ಅಂದ. ಹೊರಗೆ ಹೋಗಿ ಲಗ್ನವಾದವರಿಗೆಲ್ಲ ಅದೇ ಕಾನೂನಿತ್ತು, ಸುಳ್ಳಲ್ಲ. ಆದರೆ ಗೆರೆ ಎಳೆಯುವಾಗ ಅಪ್ಪ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡಿದ್ದ, ಅದನ್ನು ನಾನು ಇನ್ನೂ ಮರೆತಿಲ್ಲ.

ಅವರ ಕಡೆಯವರೇನು ಸಾಚಾನೇ? ನೀನು ಅವರ ರೀತಿಗೆ ಪೂರ್ತಿ ಸೇರಲು ಒಪ್ಪದ ತನಕ ಪರಮಪ್ರಸಾದ ಇಲ್ಲ ಅಂದರು. ನೀನೂ ನಮ್ಮಪ್ಪನ ಮಗಳೇ. "ನನ್ನ ದೀಕ್ಷಾಸ್ನಾನ ಆಗಲೇ ಆಗೇತ್ರಿ, ಎರಡೆರಡು ಸಲ ಹುಟ್ಟಾಕ ಬರೂದಿಲ್ಲ" ಅಂತ ಅವರ ಎದುರಿಗೇ ಅಂದೆಯಂತೆ. ಹನ್ನೊಂದು ವರ್ಷ ಅವರು ಸಾಲಾಗಿ ಎದ್ದು ಹೋಗುವಾಗ ನೀನು ಸೀರೆ ಸೆರಗು ಸರಿಮಾಡಿಕೊಳ್ಳುತ್ತ ಕೂತೇ ಇದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಹಾಗೆ. ನಿಪ್ಪಾಣಿ ಆಸ್ಪತ್ರೆಯಲ್ಲಿ ಊರ ಮಂದಿಗೆಲ್ಲ ಇಂಜೆಕ್ಷನ್ ಕೊಟ್ಟ ನರ್ಸ್ ನಿನಗೆ ಎರಡೂ ಚರ್ಚಿನಲ್ಲಿ ಒಂದು ತುಣುಕು ರೊಟ್ಟಿ ಸಿಗಲಿಲ್ಲ.

ಹೊರಗಾದವರು ಮರಳಿ ಬರಲು ನಮ್ಮಲ್ಲಿ ಒಂದು ದಾರಿ ಇತ್ತು, ಈಗಲೂ ಇದೆ. ಭೋಜನದ ಭಾನುವಾರ, ತಟ್ಟೆ ಎತ್ತುವ ಮೊದಲು, ಹಿರಿಯನು ಎಲ್ಲರ ಮುಂದೆ ಕೇಳಬೇಕು: ಯಾರ ಪರವಾಗಿಯಾದರೂ ಏಳುವವರಿದ್ದೀರಾ? ಆಗ ಸಭೆಯವರೊಬ್ಬರು ಎದ್ದು ಹೊರಗಾದವರ ಚೀಟಿ ಓದಿ, ಇವರನ್ನು ಪಂಕ್ತಿಗೆ ಕರೆಯಿರಿ ಅಂದರೆ ಆಯಿತು, ಯಾರೂ ಬೇಡ ಅನ್ನುವಂತಿಲ್ಲ. ಹೊರಗಾದವರು ತಾವೇ ಕೇಳುವಂತಿಲ್ಲ. ಗೆರೆ ಎಳೆದ ಹಿರಿಯನೂ ಏಳುವಂತಿಲ್ಲ. ಬೇರೆ ಯಾರಾದರೂ ಒಬ್ಬರು, ಒಬ್ಬರು ಸಾಕು. ನಿನ್ನ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾದ ಮೇಲೆ, ಕೂರಲು ಶಕ್ತಿ ಇರುವಾಗಲೇ ಅಂತ, ಔಷಧಿ ಚೀಟಿಯ ಹಿಂದೆ ನೀನು ಎರಡು ಸಾಲು ಬರೆದು ನನ್ನ ಕೈಗೆ ಕೊಟ್ಟೆ. "ನನ್ನನ್ನು ಒಂದು ಸಲ ಪಂಕ್ತಿಗೆ ಕರೆಯಿರಿ. ರೊಟ್ಟಿ ಅಪ್ಪನ ಕೈಯಿಂದ ಬೇಕು." ಆ ಭೋಜನದ ಭಾನುವಾರದ ಸಂಜೆ ಬಂದು ನಾನು ಹೇಳಿದ್ದು ನಿನಗೆ ಗೊತ್ತೇ ಇದೆ. "ಅಪ್ಪ ಒಲ್ಲೆ ಅಂದಾ, ಅಕ್ಕಾ." ನೀನು ಗೋಡೆಯ ಕಡೆ ಮಗ್ಗುಲಾದೆ.

ಅಪ್ಪ ನಿನ್ನನ್ನು ನೋಡಲು ನಿಪ್ಪಾಣಿ ಆಸ್ಪತ್ರೆಗೆ ಬಂದದ್ದು ಆಮೇಲೆ ಹದಿನೈದು ದಿನಕ್ಕೆ. ಬಸ್ಸಿನಲ್ಲಿ ಒಬ್ಬನೇ ಬಂದಿದ್ದ, ಕೈಯಲ್ಲಿ ಒಂದು ಚೀಲ ಒಣದ್ರಾಕ್ಷಿ. ಹನ್ನೊಂದು ವರ್ಷಕ್ಕೆ ಮೊದಲ ಸಲ. ನೀನು ಕಣ್ಣು ತೆರೆದು ನೋಡಿದೆ, ಮತ್ತೆ ಗೋಡೆಯ ಕಡೆ ತಿರುಗಿದೆ. ಅಪ್ಪ ಕಾಟಿನ ಪಕ್ಕ ಅರ್ಧ ತಾಸು ನಿಂತಿದ್ದ, ಯಾರೂ ಸ್ಟೂಲು ಕೂಡ ಕೊಡಲಿಲ್ಲ. ಮನೆಗೆ ಬಂದು, "ಮಗಳಿಗೆ ನನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ" ಅಂದ, ಊಟ ಒಲ್ಲೆ ಅಂದ. ನಿನ್ನ ಮಣ್ಣಿನ ದಿನ ಅವರ ಗೇಟಿನ ಹೊರಗೆ, ಚಹಾದಂಗಡಿಯ ಬಾಕಿನ ಮೇಲೆ, ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ. ಎಂಥಾ ಕಲ್ಲೆದೆಯ ಮುದುಕ ಅಂತ ಎರಡೂ ಸಭೆಯವರು ಮಾತಾಡಿಕೊಂಡರು. ನಾನೂ ಹೌದೌದು ಅಂದೆ.

ಈಗ ಹೋದ ತಿಂಗಳ ಊಟದ ಮಾತಿಗೆ ಬರುತ್ತೇನೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಪಂಕ್ತಿ ಹಾಕಿದ್ದರು, ಶೀರಾ, ಅನ್ನ, ಮಟನ್ ರಸ್ಸಾ. ಮಟನ್ ವಿಷಯದಲ್ಲಿ ಈ ಎರಡು ಸಭೆಗಳಿಗೆ ಎಂದೂ ಭೇದವಿರಲಿಲ್ಲ ಬಿಡು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರೆ, ನಮ್ಮವರು ಆಮೇಲೆ ತೆಗೆಯುವವರು. ಅಪ್ಪನನ್ನು ಅಂತೋನಿ ಮಾಮಾನ ಪಕ್ಕಕ್ಕೇ ಕೂರಿಸಿದ್ದರು, ಫೋಟೊಕ್ಕೆ ಚೆನ್ನಾಗಿರುತ್ತದೆ ಅಂತ. ಮಾಮಾ ಬೋರಗಾಂವದ ಮಗ್ಗಗಳ ಸದ್ದಿಗೆ ಅರ್ಧ ಕಿವುಡಾಗಿದ್ದಾನೆ, ಅಪ್ಪನಿಗೂ ಕಿವಿ ಅಷ್ಟಕ್ಕಷ್ಟೇ. ಹಾಗಾಗಿ ಇಬ್ಬರೂ ಜೋರಾಗಿಯೇ ಮಾತಾಡಿದರು, ನೀರು ಬಡಿಸುತ್ತಿದ್ದ ನನಗೆ ಎಲ್ಲ ಕೇಳಿಸಿತು.

"ಅಂತೋನಿ, ಒಂದ್ ಮಾತು ಕೇಳ್ತೀನಿ, ಖರೆ ಹೇಳು. ಆಕಿ ನಮ್ಮ ಸಭೆಗೆ ಹೊಳ್ಳಿ ಬರಬೇಕಂತ ಒಮ್ಮೆನೂ ಅನ್ಲಿಲ್ಲೇನು?"

"ಅಂದಿದ್ಲಲ್ರಿ ಮಾವಾರ. ಚೀಟಿ ಬರದು ಕಳಿಸಿದ್ಲು. ನೀವ ಒಲ್ಲೆ ಅಂದ್ರಂತ."

"ಯಾವ ಚೀಟಿ?"

ಮಾಮಾ ತಲೆ ಎತ್ತಿ ನನ್ನನ್ನು ನೋಡಿದ. ಅಪ್ಪನೂ ನೋಡಿದ. ಆ ಕಡೆ ನೀರು ಕಡಿಮೆ ಬಿದ್ದಿದೆ ಅಂತ ಹೇಳಿ ನಾನು ಅಲ್ಲಿಂದ ಎದ್ದುಬಿದ್ದು ನಡೆದೆ.

ಅಕ್ಕಾ, ನಾನು ಏಳಲಿಲ್ಲ. ಇಷ್ಟೇ ನಿಜ. ಅಪ್ಪ ಒಲ್ಲೆ ಅನ್ನಲಿಲ್ಲ, ಅವನಿಗೆ ಚೀಟಿಯ ವಿಷಯವೇ ಗೊತ್ತಿರಲಿಲ್ಲ. ಆ ಭಾನುವಾರ ನಿನ್ನ ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು, ನಾನು ಮೂರನೇ ಬೆಂಚಿನಲ್ಲಿದ್ದೆ. "ಯಾರ ಪರವಾಗಿ ಆದ್ರೂ ಏಳಾವ್ರು ಅದೀರೇನ್ರಿ?" ಅಂತ ಅಪ್ಪ ಕೇಳಿದ. ಕೇಳಿ ಕಾದ. ಬೇಕಾದ್ದಕ್ಕಿಂತ ಎಷ್ಟೋ ಹೊತ್ತು ಕಾದ, ಪ್ರತಿ ಸಲವೂ ಹಾಗೇ ಕಾಯುತ್ತಿದ್ದ, ನಮ್ಮ ಬೆಂಚಿನ ಕಡೆಗೇ ನೋಡುತ್ತ. ಅದು ಹಿರಿಯನ ಬಿಗಿತ ಅಂತ ನಾನು ತಿಳಿದುಕೊಂಡಿದ್ದೆ, ನಿನಗಾಗಿ ಕಾಯುತ್ತಿದ್ದಾನೆ ಅಂತಲ್ಲ. ಆ ತಿಂಗಳು ಹೊಸ ಹಿರಿಯರ ಪಟ್ಟಿಗೆ ನನ್ನ ಹೆಸರು ಹೋಗಿತ್ತು. ಈಗ ಎದ್ದರೆ ಕ್ಯಾಥೊಲಿಕರ ಬೀಗ ಅಂತ ಹೆಸರು ಹೊಡೆದುಬಿಡುತ್ತಾರೆ, ಮುಂದಿನ ತಿಂಗಳು ಏಳೋಣ ಅಂದುಕೊಂಡೆ. ಮುಂದಿನ ತಿಂಗಳು... ನಿನಗೆ ಮುಂದಿನ ತಿಂಗಳು ಎಲ್ಲಿತ್ತು? ಹೆದರಿದೆ ಅಂತ ನಿನ್ನೆದುರು ಹೇಳಲು ನಾಚಿಕೆಯಾಗಿ ಅಪ್ಪನ ಹೆಸರು ಹೇಳಿದೆ. ಬೈಯಲು ನನಗೆ ಯೋಗ್ಯತೆ ಇರುವುದು ನನ್ನೊಬ್ಬನನ್ನೇ, ಈ ಕಾಗದದಲ್ಲಿ ಮೇಲೆ ಇಷ್ಟೊಂದು ಮಂದಿಯನ್ನು ಬೈದು ಬಂದೆ ನೋಡು.

ಊಟದ ದಿನ ಸಂಜೆ ಅಪ್ಪನಿಗೆ ಹೇಳಿದೆ. ಹೇಳದೆ ಬಿಡುತ್ತಿದ್ದೆನೇನೋ, ಅವನೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಬೈಯಲಿಲ್ಲ, ಹೊಡೆಯಲಿಲ್ಲ. "ಚೀಟಿಯಾಗ ಏನ್ ಬರದಿದ್ಲು?" ಅಂದ. ಚೀಟಿ ಎಂದೋ ಒಲೆಗೆ ಹಾಕಿದ್ದೆ. ಬಾಯಿಪಾಠ ಇತ್ತು, ಹೇಳಿದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂದ. ಜೋರಾಗಿ ಹೇಳಿದೆ. ಇನ್ನೊಮ್ಮೆ ಅಂದ. ಅಪ್ಪನ ಕೈಯಿಂದ ಬೇಕು ಅನ್ನುವುದನ್ನು ಬೀದಿಗೆಲ್ಲ ಕೇಳುವಂತೆ ಮೂರು ಸಲ ಕೂಗಿ ಹೇಳಿದೆ ಅಕ್ಕಾ. ಆಮೇಲೆ ಅವನು ತನ್ನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತ. ನನ್ನ ಕಡೆ ನೋಡಲಿಲ್ಲ.

ನಿನ್ನೆ ನಮ್ಮ ಭೋಜನದ ಭಾನುವಾರ. ಅಪ್ಪನಿಗೆ ಕೈ ನಡುಗುವುದರಿಂದ ನಾಲ್ಕು ವರ್ಷದಿಂದ ತಟ್ಟೆ ಹಿಡಿಯುವವನು ನಾನು. ಆ ಪ್ರಶ್ನೆ ಕೇಳಬೇಕಾದವನೂ ನಾನೇ. ಯಾರ ಪರವಾಗಿಯಾದರೂ ಏಳುವವರಿದ್ದೀರಾ ಅಂತ ಕೇಳಿದೆ. ಆಗಲಾದರೂ ಎಲ್ಲರ ಮುಂದೆ ಹೇಳಬಹುದಿತ್ತು, ಇವತ್ತು ಹೇಳೇಬಿಡಬೇಕು ಅಂತ ಮನೆಯಿಂದ ಹೊರಟಿದ್ದೆ ಕೂಡ. ಎರಡು ಉಸಿರು ಬಿಡುವಷ್ಟು ಹೊತ್ತೂ ಕಾಯದೆ ತಟ್ಟೆ ಎತ್ತಿಕೊಂಡೆ. ಮೊದಲನೇ ಬೆಂಚಿನ ತುದಿಯಲ್ಲಿ ಅಪ್ಪ. ಬಿಳಿ ಅಂಗಿ ತೊಟ್ಟು ಬಂದಿದ್ದ. ತಟ್ಟೆ ಮುಂದೆ ಹಿಡಿದೆ. ಕೈ ಮುಂದೆ ಬರಲಿಲ್ಲ. ಕೇಳಿಸಿಲ್ಲವೇನೋ ಅಂತ ಬಗ್ಗಿ, "ಅಪ್ಪಾ, ತಗೋ" ಅಂದೆ.

"ನನ್ನ ಮಗಳು ಇನ್ನೂ ತಗೊಂಡಿಲ್ಲಪಾ," ಅಂದ. "ಆಕೀನ ಬಿಟ್ಟು ನಾ ಹೆಂಗ ತಗೊಳ್ಳಲಿ?"

ಜೋರಾಗಿಯೇ ಅಂದ, ಕಿವುಡನಲ್ಲವೇ, ಇಡೀ ಸಭೆಗೆ ಕೇಳಿಸಿತು. ಅಪ್ಪನ ಪಕ್ಕದವನು ಆಗಲೇ ಕೈ ಚಾಚಿದ್ದ. ನಾನು ತಟ್ಟೆಯನ್ನು ಅವನ ಕಡೆಗೆ ಸರಿಸಿದೆ.

ನಿನ್ನ ತಮ್ಮ,
ಸಮೂ