ತಿಳಿಯಾಗಿ ಇರಬೇಕಿದ್ದ ಜಾಗ

ಚಿಕ್ಕಪ್ಪಾ,

ಅಮ್ಮನನ್ನು ಮದುವೆಯಾಗಿ ನಮ್ಮ ಮನೆಗೆ ಬಂದ ದಿನದಿಂದ ನಿಮ್ಮನ್ನು ಹೀಗೇ ಕರೆದೆ. ಈಗ ನೀವೇ ಇಲ್ಲದ ಮೇಲೆ ಬದಲಿಸಿ ಏನು ಪ್ರಯೋಜನ?

ಇವತ್ತು ನಿಮ್ಮ ಮ್ಯೂಸಿಯಮ್ಮಿಗೆ ಹೋಗಿದ್ದೆ. ನೀವು ಚೂರು ಚೂರು ಸೇರಿಸಿ ನಿಲ್ಲಿಸಿದ ಆ ದೊಡ್ಡ ಮಡಕೆ ಇನ್ನೂ ಗಾಜಿನ ಹಿಂದಿದೆ. "ನಾವು ಗಾರೆ ತುಂಬಿದ ಜಾಗದ ಬಣ್ಣ ಒಂಚೂರು ತಿಳಿಯಾಗೇ ಇರ್ಬೇಕು, ಹಳೇದರ ಜೊತೆ ಬೆರೀಬಾರ್ದು" ಅನ್ನುತ್ತಿದ್ದಿರಲ್ಲ, ಸುತ್ತು ಹಾಕಿ ಹಾಕಿ ಹುಡುಕಿದೆ. ತಿಳಿ ಬಣ್ಣ ಎಲ್ಲೂ ಕಾಣಲಿಲ್ಲ. ಗಾರೆಯೇ ಕಪ್ಪಾಯಿತೋ, ನನ್ನ ಕಣ್ಣೇ ಮಂಜಾಯಿತೋ, ಗೊತ್ತಾಗಲಿಲ್ಲ.

ಕಾವಲುಗಾರ ಬಂದ. "ಏನಮ್ಮಾ, ಆಗ್ಲಿಂದ ಇದೊಂದನ್ನೇ ನೋಡ್ತಿದ್ದೀರಿ?"

"ಇದನ್ನ ಜೋಡಿಸಿದ್ದು ನಮ್ಮಪ್ಪ" ಎಂದೆ.

ಬಾಯಿಗೆ ಆ ಮಾತು ಎಲ್ಲಿಂದ ಬಂತೋ. ಬಣ್ಣ ಯಾವಾಗ ಬೆರೆಯಿತು, ನಿಮಗಾದರೂ ಗೊತ್ತಿತ್ತಾ?