ಮುಚ್ಚಿದ ದಂಡೆಯ ಕರಡಿಗಳು

ಶಾಲಿವಾಹನ ಶಕ ೨೧೭೧, ವಿರೋಧಿ ನಾಮ ಸಂವತ್ಸರ,
ಆಷಾಢದ ಅರವತ್ತೆರಡನೆಯ ದಿನ,
ಹೊಸ ಇಳಕಲ್ಲು, ಉತ್ತರ ಸಮುದ್ರದ ದಂಡೆ

ಎಂಟು ತಲೆಮಾರು ಹಿಂದಿನ ಹಿರಿಯರಾದ ಪ್ರಭಾವತಿ ಆಯಿಯವರಿಗೆ, ನಿಮ್ಮ ವಂಶದ ದಾನಮ್ಮನ ಶರಣು ಶರಣಾರ್ಥಿ.

ಆಷಾಢಕ್ಕೆ ಅರವತ್ತೆರಡು ದಿನ ಎಲ್ಲಿಂದ ಬಂದವು ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಇಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಮುಳುಗದ ಸೂರ್ಯನನ್ನು ತಲೆಯ ಮೇಲಿಟ್ಟುಕೊಂಡು ತಿಂಗಳು ಮುಗಿಯಿತೆಂದು ಹೇಳಲು ನಮ್ಮ ಹಿರಿಯರಿಗೆ ಮನಸ್ಸು ಬರಲಿಲ್ಲವಂತೆ. ಸೂರ್ಯ ಮೊದಲ ಸಲ ಮುಳುಗುವ ತನಕ ನಾವು ಆಷಾಢವನ್ನೇ ಎಳೆದುಕೊಂಡು ಹೋಗುತ್ತೇವೆ. ನನ್ನ ಮಾತೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ವಯಸ್ಸಾದ ಮೇಲೆ ಕಲಿತವಳು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ಇಲಾಖೆ. ಹತ್ತರಲ್ಲಿ ಒಂದು ತಲುಪುತ್ತದೆ ಎಂದು ಗುಮಾಸ್ತ ಹೇಳಿದ. ಉಳಿದವು ಎಲ್ಲಿಗೆ ಹೋಗುತ್ತವೆ ಎಂದರೆ ಅವನಿಗೂ ಗೊತ್ತಿರಲಿಲ್ಲ.

ನೀವು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ, ಮಕ್ಕಳೆಲ್ಲ ಬೇಡವೆಂದರೂ ಕೇಳದೆ, ಉತ್ತರ ಧ್ರುವದ ಕಡೆ ಹೋಗುವ ಹಡಗಿನಲ್ಲಿ ಜಾಗ ಕಾದಿರಿಸಿದ್ದೀರಿ. ದೇಶ ಸುತ್ತು, ಕೋಶ ಓದು ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದಿರಂತೆ. ಆ ಕಥೆ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತದೆ. ಯಾರಾದರೂ ಹಟ ಹಿಡಿದರೆ ಪ್ರಭಾವತಿ ಆಯಿಯ ರಕ್ತ ಅನ್ನುತ್ತಾರೆ. ಈ ಆಷಾಢದ ಮೊದಲಲ್ಲಿ ನಾನೂ ಅಂಥದೇ ಒಂದು ಹಡಗಿನಲ್ಲಿ ಹೋಗಿಬಂದೆ. ಅಲ್ಲಿ ನನ್ನ ತಂಗಿ ಕಾಶವ್ವನನ್ನು ಕರಡಿಗಳಿರುವ ದಂಡೆಯಲ್ಲಿ ಒಬ್ಬಳನ್ನೇ ಬಿಟ್ಟು ಹೊರಟುಬಿಟ್ಟಿದ್ದೆವು. ನೀವು ಹಡಗು ಹತ್ತುವ ಮೊದಲು ಅದನ್ನು ನಿಮಗೆ ಹೇಳಬೇಕಾಗಿದೆ.

ಮೊದಲು ನಾವಿರುವ ಜಾಗ ತಿಳಿದುಕೊಳ್ಳಿ. ನಿಮ್ಮ ಕಾಲದಲ್ಲಿ ಇಲ್ಲಿ ಊರಿರಲಿಲ್ಲ, ವರ್ಷವಿಡೀ ಹೆಪ್ಪುಗಟ್ಟಿದ ನೆಲವಿತ್ತು. ದಕ್ಷಿಣದಲ್ಲಿ ಹಗಲು ಹೊತ್ತು ಹೊರಗೆ ಕಾಲಿಡುವುದೇ ಕಷ್ಟವಾದಾಗ ಮಗ್ಗ ಹೊತ್ತುಕೊಂಡು ಬಂದವರು ನಮ್ಮ ಹಿಂದಿನವರು. ಈಗಲೂ ಸೀರೆ ನೇಯುತ್ತೇವೆ. ಹತ್ತಿಯ ಬದಲು ಇಲ್ಲಿನ ಉದ್ದಕೂದಲಿನ ಕಸ್ತೂರಿ ಎತ್ತಿನ ಉಣ್ಣೆ, ಸೆರಗು ಮಾತ್ರ ಅದೇ ಕೆಂಪು. ಜೋಳ ಬೆಳೆಯುತ್ತದೆ, ರೊಟ್ಟಿ ಬಡಿಯುತ್ತೇವೆ. ನೆಲ ಇನ್ನೂ ಕರಗಿ ಕುಸಿಯುತ್ತಲೇ ಇರುವುದರಿಂದ ನಮ್ಮವೆಲ್ಲ ಕಾಲ್ಮನೆಗಳು, ಅಂದರೆ ಉದ್ದ ಕಂಬಗಳ ಮೇಲೆ ನಿಂತ ಮನೆಗಳು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಓರೆಯಾದ ಮನೆಗಳನ್ನು ನೆಟ್ಟಗೆ ಮಾಡುತ್ತಾರೆ, ಯಾರ ಮನೆ ಮೊದಲು ಎಂದು ಜಗಳವನ್ನೂ ಆಡುತ್ತಾರೆ. ಮಕ್ಕಳಿಗೆ ನಿದ್ದೆ ಬರಲೆಂದು ಬೇಸಿಗೆಯಲ್ಲಿ ಕತ್ತಲಚೀಲ ಹೊದಿಸುತ್ತೇವೆ; ದಪ್ಪ ಕರಿ ಬಟ್ಟೆಯ ಚೀಲ, ಮೂಗಿಗೊಂದು ಕಿಂಡಿ. ಆ ಮಕ್ಕಳು ಮಂಜುಗಡ್ಡೆ ಕಂಡವರಲ್ಲ. ನಿಮ್ಮ ಹಿರಿಯರು ಕಾಶಿಗೆ ಹೋಗುತ್ತಿದ್ದ ಹಾಗೆ ನಾವು ಜೀವಮಾನದಲ್ಲಿ ಒಮ್ಮೆ ನೋಟಯಾತ್ರೆಗೆ ಹೋಗುತ್ತೇವೆ. ಇನ್ನೂ ಉತ್ತರಕ್ಕೆ ಸಾಗಿ, ಉಳಿದಿರುವುದನ್ನು ಉಳಿದಿರುವಾಗಲೇ ನೋಡಿ ಬರುವುದು ಅದರ ಉದ್ದೇಶ.

ನಮ್ಮ ಹಡಗಿನ ಹೆಸರು ಹಿಮವತಿ. ಹೆಸರು ಬಿಟ್ಟರೆ ಮತ್ತೆಲ್ಲೂ ಹಿಮವಿಲ್ಲ ಎಂದು ದೊಡ್ಡಪ್ಪ ಸಂಗನಬಸಪ್ಪನವರು ದಿನಕ್ಕೊಮ್ಮೆ ಹೇಳಿ ತಾವೇ ನಗುತ್ತಿದ್ದರು. ಅವರು, ದೊಡ್ಡವ್ವ, ನಾನು, ಕಾಶವ್ವ, ನಾಲ್ಕೇ ಜನ ಹೋಗಿದ್ದು. ಕಡಲಹಕ್ಕಿಗಳ ಬಂಡೆಗಳನ್ನು ನೋಡಿದೆವು. ಅರ್ಧಕ್ಕರ್ಧ ಗೂಡು ಖಾಲಿ. ಮರಳಿನ ಮೇಲೆ ಒಂದರ ಮೇಲೊಂದು ಬಿದ್ದುಕೊಂಡ ವಾಲ್ರಸ್‌ಗಳನ್ನು ನೋಡಿ ದೊಡ್ಡವ್ವ, ಮದುವೆ ಊಟ ಮುಗಿಸಿದ ಬೀಗರ ಹಾಗಿವೆ ಅಂದಳು. ಊಟವಾದ ಮೇಲೆ ಹಡಗಿನ ದೊಡ್ಡ ಕೋಣೆಯಲ್ಲಿ ಧ್ರುವ ಇತಿಹಾಸದ ಪಾಠ. ತಿಮಿಂಗಿಲ ಕೊಂದು ದಂಡೆಯ ಒಲೆಗಳಲ್ಲಿ ಅದರ ಕೊಬ್ಬು ಕಾಯಿಸಿ ಎಣ್ಣೆ ತೆಗೆದವರು, ಅಲ್ಲೇ ಸತ್ತು ಕಲ್ಲುಗಳ ಕೆಳಗೆ ಮಲಗಿದವರು, ತೊಗಲಿಗಾಗಿ ಗುಡಿಸಲು ಕಟ್ಟಿ ಚಳಿಗಾಲ ಕಳೆದವರು, ಧ್ರುವ ಮುಟ್ಟುತ್ತೇವೆಂದು ಹೊರಟು ತಿರುಗಿ ಬಾರದವರು. ಆಮೇಲೆ, ಆಯಿ, ನೀವು ಬರುತ್ತೀರಿ. ನಿಮ್ಮ ಕಾಲಕ್ಕೆ ನಮ್ಮಲ್ಲಿ ನೋಡುಗಾಲ ಎಂದು ಹೆಸರು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೆಂಪು ಜಾಕೆಟ್ಟು, ಒಂದು ಜೊತೆ ರಬ್ಬರ್ ಬೂಟು ಇಟ್ಟಿದ್ದಾರೆ. ಕೊಂದವರ ಕಾಲ ಮುಗಿದ ಮೇಲೆ ನೋಡಿದವರ ಕಾಲ ಬಂತು ಎಂದು ಪಾಠದವನು ಹೇಳಿದ. ನಮ್ಮ ಆಯಿ ಅವರಲ್ಲಿ ಒಬ್ಬಳು ಎಂದು ಕಾಶವ್ವ ಹೆಮ್ಮೆಯಿಂದ ಕೈಯೆತ್ತಿದಳು.

ಇನ್ನು ಬಿಲ್ಲೆ ಹಲಗೆಯ ವಿಷಯ. ನಿಮ್ಮ ಹಡಗಿನಲ್ಲೂ ಇಂಥದು ಇರಬಹುದು. ದೋಣಿ ಹತ್ತುವ ಬಾಗಿಲ ಬಳಿ ಒಂದು ಹಲಗೆ, ಪ್ರತಿಯೊಬ್ಬರ ಹೆಸರಿಗೂ ಒಂದು ಬಿಲ್ಲೆ. ದಂಡೆಗೆ ಇಳಿಯುವಾಗ ನಮ್ಮ ಬಿಲ್ಲೆಯನ್ನು ಕೆಂಪು ಬದಿಗೆ ತಿರುಗಿಸಬೇಕು, ಮರಳಿ ಬಂದಾಗ ಕಪ್ಪು ಬದಿಗೆ. ಕೆಂಪು ಒಂದೂ ಉಳಿಯಲಿಲ್ಲವೆಂದರೆ ಎಲ್ಲರೂ ಬಂದರೆಂದು ಲೆಕ್ಕ. ಆಗ ದಂಡೆಯ ಕಾವಲಿನವರೂ ದೋಣಿ ಹತ್ತುತ್ತಾರೆ, ಹಡಗು ಹಾರ್ನ್ ಊದುತ್ತದೆ, ದಂಡೆ ಮುಚ್ಚುತ್ತದೆ. ಮುಚ್ಚಿದ ದಂಡೆ ಎಂದರೆ ಮುಂದಿನ ಬೇಸಿಗೆಯ ತನಕ ಅಲ್ಲಿ ಮನುಷ್ಯರು ಕಾಲಿಡುವಂತಿಲ್ಲ. ಇಟ್ಟರೆ ಆ ಹಡಗಿನ ಯಜಮಾನಿ ಮತ್ತೆಂದೂ ಹಡಗು ನಡೆಸುವಂತಿಲ್ಲ. ಯಂತ್ರಗಳನ್ನು ನಂಬಿ ಕೆಟ್ಟಮೇಲೆ ಇದೊಂದನ್ನು ಮನುಷ್ಯರ ಕೈಗೇ ಬಿಟ್ಟಿದ್ದರು. ಆದರೆ ನಮ್ಮವರ ಕೈಯ ಗುಣ ನಿಮಗೆ ಗೊತ್ತೇ ಇದೆ. ಬಸ್ಸಿನಲ್ಲಿ ಒಬ್ಬ ಹತ್ತಿ ಹತ್ತು ಜನಕ್ಕೆ ಟವೆಲ್ ಹಾಸುವವರು ನಾವು. ಮನೆಯ ಹಿರಿಯನೆಂದ ಮೇಲೆ ಎಲ್ಲರ ಬಿಲ್ಲೆಯನ್ನೂ ತಾವೇ ತಿರುಗಿಸುವುದು ದೊಡ್ಡಪ್ಪನವರಿಗೆ ಧರ್ಮವೇ ಆಗಿತ್ತು. ಮೊದಲ ದಿನ ಹಲಗೆಯ ಹುಡುಗಿ ಬೇಡವೆಂದಳು. ಮೂರನೆಯ ದಿನಕ್ಕೆ ಅವಳೂ ನಕ್ಕು ಸುಮ್ಮನಾದಳು.

ಕಡೆಯ ದಂಡೆಯಲ್ಲಿ ಎಣ್ಣೆ ಕಾಯಿಸಿದ ಒಲೆಗಳೂ ಅದರಾಚೆ ಒಂದು ದಿಬ್ಬದ ಹಿಂದೆ ಗೋರಿಗಳೂ ಇದ್ದವು. ಕರಡಿ ಇರಲಿಲ್ಲ, ಬೆಳಿಗ್ಗೆಯೇ ನೋಡಿ ಖಚಿತ ಮಾಡಿಕೊಂಡಿದ್ದರು. ಮರಳುವ ಹೊತ್ತಿಗೆ ಗಾಳಿ ಎದ್ದಿತು, ದೋಣಿಗಳಿಗೆ ನೂಕುನುಗ್ಗಲಾಯಿತು. ನಾನು ಮೊದಲ ದೋಣಿಯಲ್ಲಿ ಬಂದು ಚಳಿಗೆ ನೇರ ಹಾಸಿಗೆ ಸೇರಿದೆ. ದೊಡ್ಡಪ್ಪನವರು ನಡುವಿನ ದೋಣಿಯಲ್ಲಿ ಬಂದು, ಹಿಂದಿನದರಲ್ಲಿ ಹೆಂಗಸರು ಬರುತ್ತಿದ್ದಾರಲ್ಲ ಎಂದುಕೊಂಡು, ನಾಲ್ಕೂ ಬಿಲ್ಲೆ ತಿರುಗಿಸಿ ಚಹಾಕ್ಕೆ ಹೋದರು. ಕಾಶವ್ವ ನನ್ನ ಜೊತೆ ಮೊದಲೇ ಹೋಗಿರಬೇಕೆಂದುಕೊಂಡು ದೊಡ್ಡವ್ವ ಬಂದಳು. ಕಾಶವ್ವ ಬರಲಿಲ್ಲ. ಅವಳು ದಿಬ್ಬದ ಹಿಂದೆ, ಕಾವಲಿನವರ ಕಣ್ಣು ತಪ್ಪಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ರೊಟ್ಟಿಯ ಚೂರನ್ನು ಒಂದು ಗೋರಿಗೆ ಎಡೆ ಇಡುತ್ತಿದ್ದಳು. ಹೆತ್ತವರಿಲ್ಲದ ನೆಲದಲ್ಲಿ ಸತ್ತವರಿಗೆ ಯಾರೂ ಏನೂ ಇಟ್ಟಿರಲಿಕ್ಕಿಲ್ಲ ಎಂದು ಅವಳಿಗೆ ಪಾಠ ಕೇಳಿದ ದಿನದಿಂದ ಸಂಕಟವಿತ್ತು. ಹಾರ್ನ್ ಕೇಳಿ ದಿಬ್ಬ ಇಳಿದು ಬಂದಾಗ ಕಡೆಯ ದೋಣಿಯನ್ನು ಹಡಗಿಗೆ ಎತ್ತಿಕೊಳ್ಳುತ್ತಿದ್ದರು. ಅವಳು ಕೂಗಿದ್ದು ಗಾಳಿಗೆ ಹೋಯಿತು.

ಊಟಕ್ಕೆ ಕುಳಿತಾಗ ಅವಳ ಜಾಗ ಖಾಲಿಯಿತ್ತು. ಮಲಗಿರಬೇಕು ಎಂದರು ದೊಡ್ಡಪ್ಪ. ಅವಳ ಹಾಸಿಗೆ ನನ್ನದರ ಪಕ್ಕದಲ್ಲೇ. ಅಲ್ಲಿ ಯಾರೂ ಇರಲಿಲ್ಲ ಎಂದೆ. ಅವರ ಕೈಯ ತುತ್ತು ಅಲ್ಲೇ ನಿಂತಿತು. ಅವರ ಮುಖ ನೋಡಿದೊಡನೆ ನನಗೆ ಎಲ್ಲವೂ ತಿಳಿಯಿತು. ಓಡಿದೆವು. ಯಜಮಾನಿ ಉತ್ತರದವಳು, ಮಾತು ಕಡಿಮೆ. ಹಲಗೆ ಪೂರ್ತಿ ಕಪ್ಪಾಗಿತ್ತು, ಹಡಗಿನಲ್ಲೇ ಎಲ್ಲಾದರೂ ಹುಡುಕಿ ಎಂದಳು. ದಂಡೆ ಮುಚ್ಚಿದೆ ಎಂದೂ ಹೇಳಿದಳು. ಆಗ, ಹುಟ್ಟಿದಾರಭ್ಯ ಯಾರ ಮುಂದೂ ತಲೆ ತಗ್ಗಿಸದ ದೊಡ್ಡಪ್ಪನವರು ತಲೆಗೆ ಸುತ್ತಿದ್ದ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಆಕೀದೂ ನಾನ ತಿರುವೀನ್ರೀ. ತಪ್ಪು ನಂದು. ನನ್ನ ಅಲ್ಲಿ ಇಳಸ್ರಿ, ನಮ್ಮ ಹುಡುಗೀನ ಹತ್ತಿಸಿಕೊಂಡು ಬರ್ರಿ.”

ಅವಳು ಹಡಗನ್ನು ಮುಚ್ಚಿದ ದಂಡೆಯ ಕಡೆಗೇ ತಿರುಗಿಸಿದಳು.

ದಂಡೆ ಕಾಣುವಷ್ಟು ಹತ್ತಿರ ಬಂದಾಗ ದುರ್ಬೀನಿನಲ್ಲಿ ಮೊದಲು ಕಂಡದ್ದು ಕಾಶವ್ವನ ಕೆಂಪು ಸೆರಗು. ಒಲೆಯ ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು. ಜೀವಂತ ಇದ್ದಾಳೆ ಎಂದು ದೊಡ್ಡವ್ವ ಅತ್ತೇಬಿಟ್ಟಳು. ಆಮೇಲೆ ಕಂಡವು ಕರಡಿಗಳು. ಬಿಳಿ ಎನ್ನುವುದು ಹೆಸರಿಗೆ, ಮಣ್ಣು ಮೆತ್ತಿದ ಚಕ್ಕಳದಂಥ ಬಣ್ಣ; ಮೂರು ಇದ್ದವು, ನೀರಿನ ಅಂಚಿಗೆ ಕುಳಿತಿದ್ದವು. ಯಜಮಾನಿ ಹಾರ್ನ್ ಊದಿಸಿದಳು. ನೋಡುಗಾಲದಲ್ಲಿ ಹಾರ್ನ್ ಕೇಳಿದರೆ ಕರಡಿಗಳು ಓಡಿಹೋಗುತ್ತಿದ್ದವೆಂದು ಪಾಠದಲ್ಲಿ ಕೇಳಿದ್ದೆವು. ಈ ಮೂರೂ ತಲೆ ಎತ್ತಿದವು ಅಷ್ಟೆ. ದಿಬ್ಬದ ಮೇಲಿಂದ ಇನ್ನೆರಡು ಇಳಿದು ಬಂದವು. ಹಾರ್ನಿಗೆ ಹೆದರಿ ಅಲ್ಲ, ಹಾರ್ನ್ ಕೇಳಿಯೇ ಬಂದವು. ಯಜಮಾನಿಯ ಮುಖ ಬಿಳಿಚಿದ್ದನ್ನು ನಾನು ನೋಡಿದೆ.

ದೋಣಿ ದಂಡೆಗೆ ಹೋಗಲಿಲ್ಲ. ಬಂಡೆಗಳು ಸಮುದ್ರದೊಳಕ್ಕೆ ಚಾಚಿದ್ದ ತುದಿಗೆ ಸುತ್ತಿಕೊಂಡು ಹೋಗಿ, ಅಲ್ಲಿಗೆ ನಡೆದು ಬರಲು ಕಾಶವ್ವನಿಗೆ ಕೈಸನ್ನೆ ಮಾಡಿದರು. ಅವಳು ಬಂಡೆಯಿಂದ ಬಂಡೆಗೆ ಕಾಲಿಡುತ್ತ ಬಂದಳು. ಕರಡಿಗಳೂ ಎದ್ದು ಅವಳ ಪಕ್ಕಕ್ಕೆ, ಅಷ್ಟೇ ದೂರದಲ್ಲಿ, ಅವಸರವಿಲ್ಲದೆ ನಡೆದವು. ಅವಳು ನಿಂತರೆ ನಿಂತವು. ಕಾವಲಿನವರು ಬೆಂಕಿಬಾಣ ಹಾರಿಸಿದರು. ಒಂದೂ ತಿರುಗಿ ನೋಡಲಿಲ್ಲ. ತುದಿಯಲ್ಲಿ ಒಬ್ಬ ಅವಳ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ದೋಣಿಗೆ ಎಳೆದುಕೊಂಡ. ಅವಳ ಹಿಂದಿನ ಬಂಡೆಗೆ ಆಗಲೇ ಒಂದು ಕರಡಿ ಕಾಲಿಟ್ಟಿತ್ತು. ನಾವು ಕಣ್ಮರೆಯಾಗುವ ತನಕ ಐದೂ ಅಲ್ಲೇ ನಿಂತು ನೋಡಿದವು.

ಕಾಶವ್ವ ಎರಡು ದಿನ ಮಾತಾಡಲಿಲ್ಲ. ದೊಡ್ಡಪ್ಪನವರು ನಮ್ಮ ಕೋಣೆಯ ಹೊರಗೆ ನೆಲದ ಮೇಲೆ ಕುಳಿತಿರುತ್ತಿದ್ದರು, ಒಳಗೆ ಬನ್ನಿ ಎಂದರೂ ಬರುತ್ತಿರಲಿಲ್ಲ. ಮೂರನೆಯ ದಿನ ನಾನು ತಲೆ ಬಾಚುವಾಗ ಅವಳೇ ಹೇಳಿದಳು.

“ಅಕ್ಕಾ, ಅವು ನನ್ನ ಕಡೆ ಬರಲೇ ಇಲ್ಲ. ಎಡಿ ಇಟ್ಟಿದ್ದ ರೊಟ್ಟೀನೂ ಮೂಸಲಿಲ್ಲ. ಸೀದಾ ನೀರಿನ ಕಡೆ ಹೋಗಿ ಸಾಲಾಗಿ ಕುಂತವು. ನನ್ನ ನೋಡಿ ಅವಕ್ಕ ಬೆರಗೇ ಆಗಲಿಲ್ಲ. ಹಡಗ ಹೋದಮ್ಯಾಗ ಒಬ್ಬರು ಉಳೀತಾರ ಅಂತ ಮೊದಲ ಗೊತ್ತಿದ್ದಂಗ ಇತ್ತು.”

ಅವು ಕುಳಿತಿದ್ದ ಕಡೆ ಕಲ್ಲುಗಳ ನಡುವೆ ಒಂದು ಬೂಟು ಬಿದ್ದಿತ್ತಂತೆ. ಗಾಜಿನ ಪೆಟ್ಟಿಗೆಯಲ್ಲಿರುವಂಥ ಹಳೆಯದಲ್ಲ. ನಮಗೆಲ್ಲ ಹಡಗಿನವರು ಕೊಟ್ಟಿದ್ದಂಥದೇ. ನಾನು ಯಜಮಾನಿಯ ಬಳಿ ಹೋಗಿ, ಇದಕ್ಕೆ ಮೊದಲೂ ಯಾರಾದರೂ ಉಳಿದಿದ್ದರೇ ಎಂದು ಕೇಳಿದೆ. ಅವಳು ತನ್ನ ಬೂಟು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ, ತೊಳೆಯುವುದನ್ನು ನಿಲ್ಲಿಸಲೂ ಇಲ್ಲ. ನಮ್ಮ ದೊಡ್ಡಪ್ಪನಂತೆ ಎಲ್ಲರ ಬಿಲ್ಲೆಯನ್ನೂ ತಾವೇ ತಿರುಗಿಸುವ ಅಕ್ಕರೆಯ ಹಿರಿಯರು ಎಲ್ಲ ಕುಟುಂಬಗಳಲ್ಲೂ ಇರುತ್ತಾರೆ.

ಬೇಟೆಗೆ ಸೀಲುಗಳೂ ನಿಲ್ಲಲು ಮಂಜುಗಡ್ಡೆಯೂ ಇದ್ದ ಕಾಲದಲ್ಲಿ ಕರಡಿಗೆ ಬೇರೆ ವಿದ್ಯೆ ಬೇಕಿರಲಿಲ್ಲ. ಎಲ್ಲ ಹೋದ ಮೇಲೆ ಅದು ನಮ್ಮನ್ನು ಕಲಿಯಿತು. ಹಡಗು ಯಾವಾಗ ಬರುತ್ತದೆ, ನಾವು ಎಲ್ಲಿ ಇಳಿಯುತ್ತೇವೆ, ಹಾರ್ನ್ ಊದಿದ ಮೇಲೆ ಹಿಂದುಳಿದವರು ದೋಣಿಗಾಗಿ ಯಾವ ಕಡೆ ಓಡುತ್ತಾರೆ ಎಂಬುದನ್ನೆಲ್ಲ ತಾಯಿ ಮರಿಗೆ ಹೇಳಿಕೊಟ್ಟಿತು. ಇನ್ನೂರು ವರ್ಷ ಸಾಲಾಗಿ ನಿಂತು ಕಲಿಸಿದವರು ನಾವೇ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನನಗೆ ಕರಡಿಯ ಮೇಲೆ ಸಿಟ್ಟಿಲ್ಲ, ಆಯಿ. ಭಯವಿದೆ. ಕಾಶವ್ವ ಈಗ ಕತ್ತಲಚೀಲದೊಳಗೆ ಮಲಗುತ್ತಾಳೆ, ಮೂಗಿನ ಕಿಂಡಿಯನ್ನೂ ಮುಚ್ಚಿಕೊಳ್ಳುತ್ತಾಳೆ.

ಹೋಗಬೇಡಿ ಎಂದರೆ ನೀವು ಕೇಳುವವರಲ್ಲ. ನೀವು ತೆಗೆಯಲಿರುವ ಒಂದು ಚಿತ್ರವೂ ನಮ್ಮ ಮನೆಯ ಗೋಡೆಯ ಮೇಲಿದೆ. ಅಂದಮೇಲೆ ಹೋಗಿಯೇ ಹೋಗುತ್ತೀರಿ. ಮಂಜುಗಡ್ಡೆಯ ಮೇಲೆ ಒಂದು ಕರಡಿ, ಮುಂಗಾಲು ಎತ್ತಿದ್ದು ಎತ್ತಿದಂತೆಯೇ ಇದೆ, ಕಿವಿ ನಿಮಿರಿದೆ, ನಿಮ್ಮ ಹಡಗನ್ನು ನೋಡಿ ಇದೇನೆಂದು ತಿಳಿಯದೆ ಬೆಪ್ಪಾಗಿ ನಿಂತಿದೆ. ಆ ಬೆಪ್ಪು ನಾನು ಕಂಡ ಕರಡಿಗಳಲ್ಲಿ ಒಂದಕ್ಕೂ ಇರಲಿಲ್ಲ. ಚಿತ್ರ ತೆಗೆದ ಮರುಗಳಿಗೆ ಅದು ಓಡಲು ತಿರುಗುತ್ತದೆ. ಹಡಗಿನ ತುಂಬ ಅಯ್ಯೋ ಎನ್ನುತ್ತಾರೆ. ಇನ್ನೊಂದಿಷ್ಟು ಹತ್ತಿರ ಹೋಗೋಣ, ಇಷ್ಟು ದೂರ ಬಂದದ್ದು ಇದಕ್ಕೇ ಅಲ್ಲವೇ ಎಂದು ಯಾರಾದರೂ ಕೇಳುತ್ತಾರೆ, ಎಲ್ಲರೂ ನಿಮ್ಮ ಕಡೆ ನೋಡುತ್ತಾರೆ. ಆಗ ನಿಮ್ಮ ಹಟವನ್ನೆಲ್ಲ ಒಟ್ಟುಮಾಡಿ ಬೇಡ ಎನ್ನಿ. ಅದು ನಿಮ್ಮನ್ನು ಕಂಡು ಹೆದರಲಿ, ಆಯಿ. ಓಡಲಿ ಬಿಡಿ.

ಇನ್ನೂ ಹುಟ್ಟದ ನಿಮ್ಮ ಮಗಳು,
ದಾನಮ್ಮ