ಏಳದ ಬದಲಿ ಯಂತ್ರ, ಇಳಿಯದ ಬದಲಿ ಅತ್ತೆ

ವಿಮಾನ ಕಂಪನಿಯ ಕಂಪ್ಯೂಟರ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಬದಲಿ ಯಂತ್ರ ಏಳಬೇಕಾದ ಹೊತ್ತಿಗೆ ಏಳಲಿಲ್ಲ. ಅದರಿಂದ ನನ್ನ ತಂಗಿ ಕಲೋಲೈನೆ ನನ್ನ ಜಾಗದಲ್ಲಿ ಕೂತಳು. ಈಗ ಅವಳು ಏಳುತ್ತಿಲ್ಲ. ನನ್ನ ದೂರು ಇಷ್ಟೇ.

ನಾವು ಟೋಂಗಾದವರು. ನಮ್ಮಲ್ಲಿ ಅಣ್ಣತಮ್ಮಂದಿರಿಗಿಂತ ಅಕ್ಕತಂಗಿಯರು ಮೇಲು, ಅವರಲ್ಲೂ ಹಿರಿಯಳು ಎಲ್ಲರಿಗಿಂತ ಮೇಲು. ತಮ್ಮನ ಮಗಳ ಮದುವೆಯೆಂದರೆ ಹಿರಿಯ ಸೋದರತ್ತೆ ಎತ್ತರದ ಪೀಠದಲ್ಲಿ ಕೂರಬೇಕು, ನಯವಾದ ಚಾಪೆಗಳೂ ನಾರುಬಟ್ಟೆಯ ಸುರುಳಿಗಳೂ ಅವಳ ಮುಂದೆ ಬಂದು ಬೀಳಬೇಕು, ಕೇಕಿನ ಮೇಲಿನ ಅಂತಸ್ತು ಅವಳಿಗೇ ಸಲ್ಲಬೇಕು. ಸಿಡ್ನಿಯ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ನಾನು ಇಷ್ಟು ವರ್ಷ ಕಾದದ್ದು ಆ ಒಂದು ಮಧ್ಯಾಹ್ನಕ್ಕೆ. ನಿಮಗೂ ನಿಮ್ಮ ಕಂಪನಿಯಲ್ಲಿ ಎತ್ತರದ ಕುರ್ಚಿಯೊಂದು ಇರುವುದರಿಂದ ಇದು ಅರ್ಥವಾದೀತು ಎಂದು ನಂಬಿದ್ದೇನೆ.

ಶುಕ್ರವಾರ, ಮದುವೆಯ ಹಿಂದಿನ ದಿನ, ನಮ್ಮ ಪದ್ಧತಿಯಂತೆ ಸೊಂಟಕ್ಕೆ ಹಬ್ಬದ ಚಾಪೆ ಸುತ್ತಿಕೊಂಡೇ ಸಿಡ್ನಿಯ ವಿಮಾನ ನಿಲ್ದಾಣಕ್ಕೆ ಬಂದೆ. ನಿಮ್ಮ ಕೌಂಟರಿನಲ್ಲಿ ನಮ್ಮ ದ್ವೀಪದ ಕಡೆಯ ಹುಡುಗಿಯೇ ಇದ್ದಳು.

"ಕಂಪ್ಯೂಟರ್ ಬಿದ್ದಿದೆ ಆಂಟಿ."

"ಬಿದ್ರೆ ಎತ್ತಿ ನಿಲ್ಸಮ್ಮ."

"ಎತ್ತೋರು ಬೇರೆ ದೇಶದಲ್ಲಿದಾರೆ. ಅಲ್ಲೀಗ ಮಲಗಿರ್ತಾರೆ."

"ಇಲ್ಲಿದ್ದೋರು ಎಲ್ಲಿ ಹೋದ್ರು?"

"ಹೋದ ವರ್ಷ ಅವರಿಗೆಲ್ಲ ಕೇಕ್ ಕತ್ತರಿಸಿ ಮನೆಗೆ ಕಳ್ಸಿದ್ರು. ಒಂದು ಬದಲಿ ಯಂತ್ರ ಇದ್ಯಂತೆ ಆಂಟಿ. ಅದೂ ಏಳ್ತಿಲ್ಲ."

"ಯಾವತ್ತಾದ್ರೂ ಎಬ್ಬಿಸಿ ನೋಡಿದ್ರಾ?"

"ಅದು ನನ್ನ ಸಂಬಳಕ್ಕೆ ಮೀರಿದ ಪ್ರಶ್ನೆ," ಎಂದಳು.

ಆಮೇಲೆ ನಿಮ್ಮ ಕಂಪನಿಯೇ ಪತ್ರಿಕೆಗಳಿಗೆ ವಿವರಣೆ ಕೊಟ್ಟಿತು. ಅಸಲಿ ಯಂತ್ರ, ಬದಲಿ ಯಂತ್ರ ಎರಡೂ ಒಂದೇ ಕಟ್ಟಡದಲ್ಲಿ, ಒಂದೇ ಕರೆಂಟಿನ ತಂತಿ ಹಿಡಿದುಕೊಂಡು ಅಕ್ಕಪಕ್ಕದ ಕೋಣೆಗಳಲ್ಲಿ ಇದ್ದವಂತೆ. ಕರೆಂಟು ಹೋಯಿತು, ಎರಡೂ ಕೂಡಿಯೇ ಮಲಗಿದವು. ಇದನ್ನು ನೀವು "ಅಸಾಧಾರಣ ಸನ್ನಿವೇಶ" ಎಂದು ಕರೆದಿದ್ದೀರಿ. ಸ್ವಾಮಿ, ಕರೆಂಟು ಹೋಗುವುದು ಅಸಾಧಾರಣವೇ? ಚಂಡಮಾರುತ ಬರುವ ಕಾಲಕ್ಕೆ ನಮ್ಮ ದ್ವೀಪದಲ್ಲಿ ಯಾವ ಮುದುಕಿಯೂ ಎರಡು ದೋಣಿಗಳನ್ನು ಒಂದೇ ಮರಕ್ಕೆ ಕಟ್ಟುವುದಿಲ್ಲ. ಮರ ಬಿದ್ದರೆ ಎರಡೂ ಹೋಗುತ್ತವೆಂದು ತಿಳಿಯಲು ಆಕೆಗೆ ಸಲಹೆಗಾರರ ಸಂಸ್ಥೆ ಬೇಕಾಗುವುದಿಲ್ಲ. ಮನೆ ಕಾಯುತ್ತಿದ್ದವರನ್ನು ಕಳಿಸಿ, ಬೀಗದ ಕೈಯನ್ನು ಸಮುದ್ರದಾಚೆಯವರಿಗೆ ಅಗ್ಗದಲ್ಲಿ ಕೊಟ್ಟವರು, ಬಾಗಿಲು ತೆರೆಯಲಿಲ್ಲವೆಂದು ಯಾರನ್ನು ದೂರಬೇಕು? ಪಾಪ, ಆ ದೂರದವರನ್ನು ನಾನು ಬೈಯುವುದಿಲ್ಲ. ನೋಡಿರದ ಮನೆಯಲ್ಲಿ ದೀಪ ಹಚ್ಚು ಎಂದರೆ ಅವರಾದರೂ ಸ್ವಿಚ್ಚು ಎಲ್ಲೆಂದು ತಡಕಾಡಬೇಕು?

ಶನಿವಾರ ಬೆಳಿಗ್ಗೆಯೂ ನಾನು ನಿಮ್ಮ ಕೌಂಟರಿನ ಮುಂದೆಯೇ ಇದ್ದೆ. ತಮ್ಮ ಸೆಮಿಸಿಯ ಫೋನು ಬಂತು.

"ಅಕ್ಕಾ, ಪಾದ್ರಿಗಳು ಬಂದಾಗಿದೆ, ಹಂದಿಗಳು ಬೆಂದಾಗಿದೆ. ಪೀಠ ಖಾಲಿ ಇಡಕ್ಕಾಗಲ್ಲ. ಕಲೋಲೈನೆನ ಕೂರಿಸ್ಲಾ?"

"ನಾನು ಬರೋವರೆಗೆ ಕೂರ್ಸು," ಎಂದೆ. ಮರುದಿನ ಭಾನುವಾರ. ನಮ್ಮ ದ್ವೀಪದಲ್ಲಿ ಭಾನುವಾರ ದೇವರ ದಿನ, ವಿಮಾನವೇ ಇಳಿಯುವುದಿಲ್ಲ.

ಇನ್ನು ನನ್ನ ಹೊಟ್ಟೆಕಿಚ್ಚಿನ ವಿಷಯ. ಮುಚ್ಚಿಟ್ಟು ಪ್ರಯೋಜನವಿಲ್ಲ. ನಿಮ್ಮ ಮನೆಯ ಬದಲಿ ಕೈಕೊಟ್ಟಿತು, ನನ್ನ ಮನೆಯ ಬದಲಿ ಮಾತ್ರ ಕರೆದ ಕೂಡಲೇ ಎದ್ದು, ತಲೆಗೆ ಎಣ್ಣೆ ಹಚ್ಚಿ, ಹೂವು ಮುಡಿದು, ಹುಟ್ಟಿದಾಗಿನಿಂದ ಅಲ್ಲೇ ಕೂತವಳಂತೆ ಕೂತಿತು. ಫೋಟೊಗಳನ್ನು ನೋಡಿದೆ. ನಗು ಬೇರೆ. ಬಂದ ಚಾಪೆಗಳನ್ನೆಲ್ಲ ಅವಳು ಅಲ್ಲೇ ನೆಂಟರಿಗೆ ಹಂಚಿಬಿಟ್ಟಳಂತೆ. ಊರಿನವರು ಏನಂದರು ಗೊತ್ತೇ? "ದೊಡ್ಡಕ್ಕ ಆಗಿದ್ರೆ ಎಲ್ಲಾ ಗಂಟು ಕಟ್ಟಿ ಸಿಡ್ನಿಗೆ ಒಯ್ತಿದ್ಲು." ಒಯ್ಯುತ್ತಿದ್ದೆ. ಅದಕ್ಕೇನು? ಪೀಠ ನನ್ನದು, ಚಾಪೆ ನನ್ನದು.

ಆದರೆ ನನ್ನನ್ನು ಪೂರ್ತಿ ಮುಳುಗಿಸಿದ್ದು ನಿಮ್ಮ ಇಮೇಲು. ಕ್ಷಮೆ ಕೇಳಿರುತ್ತೀರಿ ಎಂದು ನಂಬಿ, ಮೊದಲ ಸಾಲು ಮಾತ್ರ ಓದಿ, ಹೆಮ್ಮೆಯಿಂದ ಸೆಮಿಸಿಗೆ ದಾಟಿಸಿದೆ. ಅವನ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದವಳು ಕಲೋಲೈನೆ. ಮೂರನೆಯ ಸಾಲಿನಲ್ಲಿ ಇತ್ತು: "ಪ್ರಯಾಣಿಕರು ವಿಮಾನಕ್ಕೆ ಹಾಜರಾಗಲಿಲ್ಲ." ಹಾರದೇ ಹೋದ ವಿಮಾನಕ್ಕೆ ನಾನು ಬರಲಿಲ್ಲವಂತೆ. ಎದ್ದ ಮೇಲೆ ನಿಮ್ಮ ಯಂತ್ರಕ್ಕೆ ತಾನು ಮಲಗಿದ್ದದ್ದೇ ನೆನಪಿರಲಿಲ್ಲ, ಅದಕ್ಕೇ ನಾನು ಮಲಗಿದ್ದೆನೆಂದು ಬರೆಯಿತು.

ತಂಗಿಗೆ ಫೋನು ಮಾಡಿದೆ.

"ನಾನು ಬಂದಿದ್ದೆ ಕಣೇ."

"ಇರ್ಬೋದು ಅಕ್ಕಾ. ಆದ್ರೆ ಕಂಪನಿಯೋರು ಬಂದಿಲ್ಲ ಅಂತ ಬರ್ದಿದಾರೆ. ಅವ್ರ ಹತ್ರ ಕಂಪ್ಯೂಟರ್ ಇದೆ, ನಿನ್ನ ಹತ್ರ ಏನಿದೆ?"

"ನನ್ನ ಕಾಲು ನೋವಿದೆ."

"ಎಣ್ಣೆ ತಿಕ್ಕು," ಎಂದಳು, ಬಹಳ ಪ್ರೀತಿಯಿಂದ.

ಬರುವ ಅಕ್ಟೋಬರಿಗೆ ಸೆಮಿಸಿಯ ಮಗನಿಗೆ ಇಪ್ಪತ್ತೊಂದು ತುಂಬುತ್ತದೆ, ನಮ್ಮಲ್ಲಿ ಅದೂ ಮದುವೆಯಷ್ಟೇ ದೊಡ್ಡ ಹಬ್ಬ. ಅದೇ ಪೀಠ, ಅದೇ ಚಾಪೆಗಳು. ತಮ್ಮ ಮೆಲ್ಲಗೆ ಹೇಳಿದ: "ಅಕ್ಕಾ, ಕಲೋಲೈನೆ ಊರಲ್ಲೇ ಇರ್ತಾಳೆ. ಅವಳೇ ಕೂತ್ಕೊಳ್ಳಲಿ ಅಂತ ಎಲ್ರೂ ಅಂತಿದಾರೆ. ಕರೆದ್ರೆ ಬರದೇ ಇರೋರನ್ನ ನಂಬ್ಕೊಂಡು ಹೆಂಗೆ ಕೂರೋದು?" ನಿಮ್ಮಲ್ಲಿ ಅಸಲಿ ಯಂತ್ರ ಸರಿಹೋದ ಮೇಲೆ ಬದಲಿ ಯಂತ್ರ ಪಕ್ಕಕ್ಕೆ ಸರಿಯುವುದು ನಿಯಮವಂತೆ. ಆ ಯಂತ್ರಗಳ ಮೇಲೆ ನನಗೆ ಎಷ್ಟು ಅಸೂಯೆಯಾಗುತ್ತದೆ ಎಂದರೆ ನೀವು ನಂಬಲಾರಿರಿ.

ಕಳಿಸಿದ ಜನರನ್ನು ಮರಳಿ ಕರೆಯಿರಿ. ಬದಲಿ ಯಂತ್ರವನ್ನು ಬೇರೆ ಊರಿನಲ್ಲಿಡಿ, ಹಗಲು ಹೊತ್ತಿನಲ್ಲಿ ಅಸಲಿಯ ತಂತಿ ಕಿತ್ತು ಅದು ಏಳುತ್ತದೋ ಇಲ್ಲವೋ ನೀವೇ ಎದುರಿಗೆ ನಿಂತು ನೋಡಿ. ಇದು ಎಲ್ಲ ಪ್ರಯಾಣಿಕರಿಗಾಗಿ. ನನಗಾಗಿ ನಾನು ಹಣ ಕೇಳುವುದಿಲ್ಲ, ಇನ್ನೊಂದು ಟಿಕೆಟ್ಟೂ ಬೇಡ. ತೋಕಿಲೂಪೆ ಎಂಬ ಹೆಂಗಸು ಹೊತ್ತಿಗೆ ಸರಿಯಾಗಿ ಬಂದಿದ್ದಳು, ಬಾರದೆ ಹೋದದ್ದು ನಮ್ಮ ವಿಮಾನವೇ ಎಂದು ನಿಮ್ಮ ಸಹಿ ಹಾಕಿ ಅಕ್ಟೋಬರಿಗೆ ಮುಂಚೆ ಬರೆದು ಕಳಿಸಿ. ಅದನ್ನು ಸೆಮಿಸಿಯ ಕೈಗೇ ತಲುಪಿಸಿ. ತಂಗಿಯ ಕೈಗೆ ಸಿಕ್ಕಿದರೆ ಆ ಕ್ಷಮಾಪಣೆಯನ್ನೂ ನನ್ನ ಪರವಾಗಿ ಅವಳೇ ಸ್ವೀಕರಿಸಿಬಿಡುತ್ತಾಳೆ, ಅದೂ ನನಗಿಂತ ಚೆನ್ನಾಗಿ.

ಇಂತಿ,
ನಿಮ್ಮ ಕೌಂಟರಿನ ಮುಂದೆ ನಿಂತೇ ಇದ್ದ ಹಿರಿಯ ಸೋದರತ್ತೆ,
ತೋಕಿಲೂಪೆ